ಸಾಲಿನ ಕೊನೆಯ ಹುಡುಗಿ

ಮೊದಲ ದಿನ ಕೈಗೊಂದು ವಿಷಲ್ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟಿದ್ದು ಒಂದು ನೋಟ್‌ಬುಕ್, ಒಂದು ಪೆನ್ನು.

"ಎರಡು ವಾರ ಯಾರಿಗೂ ಏನೂ ಹೇಳಿಕೊಡಬೇಡ. ದಿನಕ್ಕೆ ಒಂದು ಮಗು ಆರಿಸ್ಕೋ. ಆ ಮಗು ಎಷ್ಟು ಸಲ ಚೆಂಡು ಮುಟ್ಟುತ್ತೆ ಅಂತ ಎಣಿಸು. ಅಷ್ಟೇ ಕೆಲಸ," ಅಂದರು ಕೋಚ್ ಸರ್.

ಸ್ವಲ್ಪ ಅವಮಾನವೇ ಆಯಿತು. ನಾನು ಕ್ರೀಡಾ ವಿಜ್ಞಾನದ ಎರಡನೇ ವರ್ಷದಲ್ಲಿದ್ದೆ. ಸ್ನಾಯು, ಕೀಲು, ಹೃದಯ ಬಡಿತ ಎಲ್ಲ ಓದಿಕೊಂಡು ಬಂದವಳು. ಗೀಟು ಎಳೆದು ಎಣಿಸೋದಕ್ಕೆ ನಾನೇ ಬೇಕಿತ್ತಾ?

ನಮ್ಮ ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಎಂಟು ವಾರ, 120 ಗಂಟೆ, ಕೊನೆಗೊಂದು ವರದಿ. ಗೆಳತಿಯರಲ್ಲಿ ಒಬ್ಬಳಿಗೆ ಫಿಸಿಯೋಥೆರಪಿ ಕ್ಲಿನಿಕ್ ಸಿಕ್ಕಿತು, ಇಬ್ಬರಿಗೆ ಜಿಮ್. ನನಗೆ ಸಿಕ್ಕಿದ್ದು ಒಂದು ಸಮುದಾಯ ಕೇಂದ್ರದ ಮಕ್ಕಳ ಬ್ಯಾಸ್ಕೆಟ್‌ಬಾಲ್. ಒಂದು ಕೋರ್ಟ್, ಎರಡು ರಿಂಗ್, 14 ಚೆಂಡು, 24 ಮಕ್ಕಳು. ಎಂಟರಿಂದ ಹನ್ನೆರಡರ ವಯಸ್ಸಿನವರು. ಟ್ರಯಲ್ಸ್ ಇಲ್ಲ, ಆಯ್ಕೆ ಇಲ್ಲ, ಬಂದವರೆಲ್ಲ ಆಡಬಹುದು. ತಂಡ ಕಟ್ಟುವ ಕೋಚ್‌ಗೆ ಬೇಡದವರನ್ನು ಕೈಬಿಡುವ ಹಕ್ಕು ಇರುತ್ತದೆ. ಇಲ್ಲಿ ಆ ಹಕ್ಕು ಮಕ್ಕಳ ಕೈಯಲ್ಲಿದೆ. ಬೇಜಾರಾದರೆ ನಾಳೆಯಿಂದ ಬರೋದಿಲ್ಲ, ಕಾರಣವನ್ನೂ ಹೇಳೋದಿಲ್ಲ.

ಮೊದಲ ಮೂರು ದಿನ ಎಣಿಸಿದ್ದರಲ್ಲಿ ವಿಶೇಷ ಏನೂ ಕಾಣಲಿಲ್ಲ. ನಾಲ್ಕನೇ ದಿನ, ಟೋಪಿಯನ್ನು ಹಿಂದೆಮುಂದೆ ಮಾಡಿ ಹಾಕಿಕೊಂಡು ಬರುತ್ತಿದ್ದ ಒಂಬತ್ತು ವರ್ಷದ ಹುಡುಗಿಯನ್ನು ಆರಿಸಿಕೊಂಡೆ. ಅವತ್ತು ಲೇ-ಅಪ್, ಅಂದರೆ ಓಡುತ್ತಾ ರಿಂಗಿನ ಹತ್ತಿರ ಹೋಗಿ ಚೆಂಡು ಹಾಕುವ ಅಭ್ಯಾಸ ಇತ್ತು. ಎರಡು ರಿಂಗ್ ಮುಂದೆ ಎರಡು ಸಾಲು, ಸಾಲಿಗೆ 12 ಮಕ್ಕಳು. ಮುಂದಿದ್ದವರು ಡ್ರಿಬಲ್ ಮಾಡುತ್ತಾ, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಹೋಗಿ ಎಸೆಯಬೇಕು, ಬಿದ್ದ ಚೆಂಡನ್ನು ಹಿಡಿದು ಮುಂದಿನವರಿಗೆ ಕೊಡಬೇಕು, ಆಮೇಲೆ ಸಾಲಿನ ಹಿಂದಕ್ಕೆ ಹೋಗಬೇಕು. ಒಬ್ಬರಿಗೆ ಸುಮಾರು 10 ಸೆಕೆಂಡ್. ಅಂದರೆ ಒಂದು ಸುತ್ತಿಗೆ ಎರಡು ನಿಮಿಷ. 20 ನಿಮಿಷದಲ್ಲಿ ಒಬ್ಬೊಬ್ಬರಿಗೆ 10 ಸರದಿ. ಎಲ್ಲ ಸೇರಿಸಿದರೆ ಮಗು ಆಡುವುದು 100 ಸೆಕೆಂಡ್. ಉಳಿದ ಹದಿನೆಂಟು ನಿಮಿಷ ಚಿಲ್ಲರೆ ಸುಮ್ನೆ ನಿಂತಿರೋದು.

ಈ ಲೆಕ್ಕವೇ ಸಾಕಷ್ಟು ಕೆಟ್ಟದಾಗಿದೆ, ಅಲ್ವಾ? ಆದರೆ ಟೋಪಿ ಹುಡುಗಿಯ ಪುಟದಲ್ಲಿ ಹತ್ತು ಗೀಟೂ ಇರಲಿಲ್ಲ. ಮೂರೇ ಮೂರು.

ಎಣಿಸುವಾಗ ನಾನೇ ಎಲ್ಲೋ ತಪ್ಪಿದ್ದೇನೆ ಅಂದುಕೊಂಡು ಮರುದಿನವೂ ಅವಳನ್ನೇ ನೋಡಿದೆ. ಆಗ ಗೊತ್ತಾಯಿತು. ಸಾಲಿನಲ್ಲಿ ಮೂರನೆಯವಳಾಗುತ್ತಿದ್ದ ಹಾಗೆ ಅವಳು ಕೂರುತ್ತಿದ್ದಳು. ಗಟ್ಟಿಯಾಗಿ ಕಟ್ಟಿದ್ದ ಶೂ ಲೇಸನ್ನು ತಾನೇ ಬಿಚ್ಚಿ, ನಿಧಾನವಾಗಿ ಮತ್ತೆ ಕಟ್ಟುತ್ತಿದ್ದಳು. ಅಷ್ಟರಲ್ಲಿ ಹಿಂದಿನ ನಾಲ್ಕು ಜನ ಮುಂದೆ ಹೋಗಿರುತ್ತಿದ್ದರು. ಇನ್ನೊಂದು ಸಲ ನೀರು ಕುಡಿಯುವ ನೆಪ. ಮತ್ತೊಂದು ಸಲ ಹಿಂದಿನ ಹುಡುಗನಿಗೆ "ನೀನ್ ಹೋಗೋ, ಪರವಾಗಿಲ್ಲ" ಅಂತ ದೊಡ್ಡ ಮನಸ್ಸು ಮಾಡಿ ದಾರಿ ಬಿಟ್ಟಳು. ಎಷ್ಟು ನಾಜೂಕಾಗಿ ಮಾಡುತ್ತಿದ್ದಳು ಅಂದರೆ, ಅವಳೊಬ್ಬಳ ಮೇಲೆ ಕಣ್ಣಿಟ್ಟು ಕೂತಿರದಿದ್ದರೆ ನನಗೂ ಕಾಣುತ್ತಿರಲಿಲ್ಲ.

ಸರ್‌ಗೆ ಪುಟ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು.

"ಸಾಲಿನಲ್ಲಿ ಆಟ ಕಮ್ಮಿ ಸಿಗುತ್ತೆ ಅಂತ ಗೊತ್ತಿತ್ತು. ನೀನೂ ಅದನ್ನೇ ಕಂಡುಕೊಳ್ತೀಯ ಅಂತ ಎಣಿಸೋಕೆ ಹೇಳಿದ್ದೆ. ಇವಳೇ ಬಿಟ್ಟುಕೊಡ್ತಾಳೆ ಅಂತ ನನಗೆ ಗೊತ್ತಿರಲಿಲ್ಲ ಕಣಮ್ಮ. ಯಾಕಂತೆ?"

"ಎಲ್ಲರೂ ನೋಡ್ತಾರಲ್ಲ ಸರ್."

ಸಾಲಿನಲ್ಲಿ ನಿಂತವರಿಗೆ ಬೇರೆ ಕೆಲಸ ಏನಿದೆ? ಎಸೆಯುತ್ತಿರುವವರನ್ನು ನೋಡೋದೊಂದೇ. ಹನ್ನೊಂದು ಜೊತೆ ಕಣ್ಣುಗಳ ಮುಂದೆ ಚೆಂಡು ರಿಂಗನ್ನು ಮುಟ್ಟದೆ ಕೆಳಗೆ ಬಿದ್ದರೆ ಯಾರೋ ಒಬ್ಬರು ಕಿಸಕ್ ಅಂದೇ ಅನ್ನುತ್ತಾರೆ. ಚೆನ್ನಾಗಿ ಆಡುವ ಮಗುವಿಗೆ ಸಾಲು ಅಂದರೆ ವೇದಿಕೆ. ಆಡಲು ಬಾರದ ಮಗುವಿಗೂ ಅದು ವೇದಿಕೆಯೇ, ಅದೇ ಕಷ್ಟ. ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರೇ ಲೇಸ್ ಕಟ್ಟುತ್ತಾ ಕೂತಿರುತ್ತಾರೆ.

ಈ ನಡುವೆ ಎಣಿಸುವುದರ ಜೊತೆಗೆ ಕೂಲಿ ಕೆಲಸವೂ ಇತ್ತು ಅನ್ನಿ. ಕೋನ್ ಜೋಡಿಸೋದು, ತಂಡ ಗುರುತಿಸೋಕೆ ಅಂಗಿ ಮೇಲೆ ಹಾಕುವ ಬಣ್ಣದ ಬಿಬ್ ಒಗೆಯೋದು, ಚೆಂಡಿಗೆ ಗಾಳಿ ತುಂಬೋದು. ಪಂಪಿನ ಸೂಜಿಯನ್ನು ಒದ್ದೆ ಮಾಡದೆ ಚುಚ್ಚಿದರೆ ವಾಲ್ವ್ ಹರಿದುಹೋಗುತ್ತದೆ ಅನ್ನೋದು ಒಂದು ಚೆಂಡು ಹಾಳಾದ ಮೇಲೆ ಗೊತ್ತಾಯಿತು. ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಇನ್ನೊಂದು ಕಾಲಂ ಇತ್ತು: ಯಾರಿಗೆ ಅಸ್ತಮಾ, ಯಾರ ಇನ್ಹೇಲರ್ ಯಾವ ಬ್ಯಾಗಿನ ಯಾವ ಜೇಬಿನಲ್ಲಿದೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಅದನ್ನು ಬಾಯಿಪಾಠ ಮಾಡದೆ ಕೋರ್ಟಿಗೆ ಇಳಿಯುವಂತಿರಲಿಲ್ಲ.

ಮೂರನೇ ವಾರ ನನಗೆ ಹದಿನೈದು ನಿಮಿಷ ಕೊಟ್ಟರು. ಸಾಲು ಎಷ್ಟು ಕೆಟ್ಟದ್ದು ಅಂತ ನೋಟ್‌ಬುಕ್ ತುಂಬ ಬರೆದುಕೊಂಡಿದ್ದವಳು ಏನು ಮಾಡಿದೆ ಗೊತ್ತಾ? ರಿಲೇ ಓಟ. ನಾಲ್ಕು ತಂಡ, ನಾಲ್ಕು ಸಾಲು! ಅದೂ ಎಡಗೈಯಲ್ಲಿ ಡ್ರಿಬಲ್ ಮಾಡಿ, ಮೂರನೇ ಕೋನ್ ಸುತ್ತಿ, ಬಲಗೈಗೆ ಬದಲಾಯಿಸಿ, ವಾಪಸ್ ಬರುವಾಗ ಹಿಮ್ಮುಖವಾಗಿ. ಹಿಂದಿನ ರಾತ್ರಿ ಕಾಗದದ ಮೇಲೆ ಬಾಣದ ಗುರುತು ಹಾಕಿ ಬಿಡಿಸಿದಾಗ ಬಹಳ ಚಂದ ಕಂಡಿತ್ತು. ವಿವರಿಸಿದೆ. ಯಾರಿಗೋ ಅರ್ಥವಾಗಲಿಲ್ಲ ಅಂತ ಇನ್ನೊಮ್ಮೆ ವಿವರಿಸಿದೆ. ನಾನೇ ಮಾಡಿ ತೋರಿಸಿದೆ, ತೋರಿಸುವಾಗ ಚೆಂಡು ಕಾಲಿಗೆ ಬಡಿದು ಹೊರಗೆ ಹೋಯಿತು. ಮಕ್ಕಳು ನಕ್ಕರು. ನನ್ನ ದನಿ ಇನ್ನೂ ಜೋರಾಯಿತು. ಕೊನೆಗೆ ಮುಂದಿನ ಸಾಲಿನ ಪುಟ್ಟ ಹುಡುಗನೊಬ್ಬ ತುಂಬ ಗೌರವದಿಂದಲೇ ಕೇಳಿದ: "ಅಕ್ಕಾ, ಆಟ ಯಾವಾಗ ಶುರು?"

ಸರ್ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಟೈಮ್ ಹಿಡಿದಿದ್ದರು. ಹದಿನೈದು ನಿಮಿಷದಲ್ಲಿ ನನ್ನ ಮಾತೇ ಒಂಬತ್ತು ನಿಮಿಷ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾತಾಡುತ್ತಿದ್ದಷ್ಟು ಹೊತ್ತು ಆಟ ಶುರುವಾಗೋದಿಲ್ಲ, ಆಟ ಶುರುವಾಗದಿದ್ದರೆ ನನ್ನ ಪ್ಲಾನ್ ಸೋಲೋದೂ ಇಲ್ಲ. ನಾನೂ ಲೇಸ್ ಕಟ್ಟುತ್ತಾ ಕೂತಿದ್ದೆ, ಅಷ್ಟೇ.

ಮಜಾ ಅಂದರೆ, ಇದಕ್ಕೆ ಉತ್ತರ ನನಗೆ ಮೊದಲೇ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೋಚಿಂಗ್ ಪಾಠದಲ್ಲಿ 'ಸ್ಟೆಪ್' ಅಂತ ಒಂದು ಸೂತ್ರ ಬರುತ್ತದೆ. ಸ್ಪೇಸ್, ಟಾಸ್ಕ್, ಇಕ್ವಿಪ್‌ಮೆಂಟ್, ಪೀಪಲ್. ಮಗುವಿಗೆ ಆಟ ಆಗುತ್ತಿಲ್ಲ ಅಂದರೆ ಮಗುವನ್ನು ಬೈಯಬೇಡ, ಈ ನಾಲ್ಕರಲ್ಲಿ ಒಂದನ್ನು ಬದಲಾಯಿಸು: ಜಾಗ, ಕೊಟ್ಟ ಕೆಲಸ, ಸಾಮಾನು, ಜನ. ಎಲ್ಲ ಸಾಮರ್ಥ್ಯದವರೂ ಒಟ್ಟಿಗೆ ಆಡಲಿ ಅಂತ ಮಾಡಿದ ಸೂತ್ರ ಅದು. ಐದು ಅಂಕಕ್ಕೆ ಬರೆದು, ಐದೂ ಅಂಕ ತೆಗೆದುಕೊಂಡು, ಮರೆತುಬಿಟ್ಟಿದ್ದೆ.

ಮರುದಿನ ಬೇಗ ಹೋಗಿ ಟೋಪಿ ಹುಡುಗಿ ನಿಂತು ಎಸೆಯುವ ಜಾಗದಲ್ಲಿ ಮಂಡಿಯೂರಿ ಕೂತೆ. ಅವಳ ಎತ್ತರದಿಂದ ರಿಂಗ್ ನೋಡಬೇಕಿತ್ತು. ಅಬ್ಬಾ, ಎಷ್ಟು ದೂರ!

ರಿಂಗಿನ ಎತ್ತರ 3.05 ಮೀಟರ್, ಅಂದರೆ ಹತ್ತು ಅಡಿ. ಅದು ಯಾಕೆ ಹತ್ತು ಅಡಿ ಅನ್ನೋದರ ಹಿಂದೆ ಯಾವ ವಿಜ್ಞಾನವೂ ಇಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ವೈಎಂಸಿಎ ತರಬೇತಿ ಶಾಲೆಯ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಚಳಿಗಾಲದಲ್ಲಿ ಒಳಗೆ ಆಡೋದಕ್ಕೆ ಒಂದು ಆಟ ಹುಡುಕುತ್ತಿದ್ದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಜಿಮ್‌ನ ಬಾಲ್ಕನಿ ಕಟಕಟೆಗೆ ಹೊಡೆಸಿದರು. ಆ ಕಟಕಟೆ ನೆಲದಿಂದ ಹತ್ತು ಅಡಿ ಮೇಲಿತ್ತು. ಆಡಿದವರು 18 ಜನ ವಯಸ್ಕ ವಿದ್ಯಾರ್ಥಿಗಳು, ಒಂಬತ್ತೊಂಬತ್ತರ ಎರಡು ತಂಡ. ಯಾವುದೋ ಕಟ್ಟಡದ ಬಾಲ್ಕನಿ ಎಷ್ಟು ಎತ್ತರ ಇತ್ತೋ ಅಷ್ಟು ಎತ್ತರಕ್ಕೆ ಇವತ್ತಿಗೂ ಒಂಬತ್ತು ವರ್ಷದ ಮಗು ಚೆಂಡು ಎಸೆಯಬೇಕು!

ಇದು ಸರಿಯಲ್ಲ ಅಂತ ಬಹಳ ಹಿಂದೆಯೇ ಹೊಳೆದವರಿದ್ದಾರೆ. 1950ರ ಸುಮಾರಿಗೆ ಜೇ ಆರ್ಚರ್ ಅನ್ನುವ ಅಮೆರಿಕದ ಶಿಕ್ಷಕರು ರಿಂಗ್ ಇಳಿಸಿ, ಚೆಂಡು ಚಿಕ್ಕದು ಮಾಡಿ ಮಕ್ಕಳಿಗೆ ಆಡಿಸಿದರು. ಅದೇ ಮುಂದೆ ಮಿನಿ ಬ್ಯಾಸ್ಕೆಟ್‌ಬಾಲ್ ಆಯಿತು. ಅದರಲ್ಲಿ ರಿಂಗ್ 2.60 ಮೀಟರ್, ಚೆಂಡು 5ನೇ ಸೈಜಿನದು. ದೊಡ್ಡ ಗಂಡಸರು ಆಡುವ 7ನೇ ಸೈಜಿನ ಚೆಂಡು 600 ಗ್ರಾಂ ಆಸುಪಾಸು ತೂಗಿದರೆ ಇದು 500 ಗ್ರಾಂ ಆಸುಪಾಸು. ಟೆನಿಸ್‌ನವರಂತೂ 2012ರಿಂದ ಹತ್ತು ವರ್ಷದೊಳಗಿನ ಮಕ್ಕಳ ಪಂದ್ಯಗಳಲ್ಲಿ ಮಾಮೂಲಿ ಹಳದಿ ಚೆಂಡನ್ನೇ ಬಿಟ್ಟು, ನಿಧಾನವಾಗಿ ಪುಟಿಯುವ ಕೆಂಪು, ಕಿತ್ತಳೆ, ಹಸಿರು ಚೆಂಡುಗಳನ್ನು ನಿಯಮವಾಗಿಯೇ ತಂದರು. ಕೆಂಪು ಚೆಂಡಿನ ವೇಗ ಮಾಮೂಲಿಗಿಂತ ಸುಮಾರು 75% ಕಮ್ಮಿ.

ನಮ್ಮ ಕೋರ್ಟಿನ ರಿಂಗ್ ಇಳಿಸುವಂಥದ್ದಲ್ಲ, ಕಂಬಕ್ಕೆ ಬೆಸುಗೆ ಹಾಕಿದ್ದು. ಸಾಮಾನಿನ ಕೋಣೆಯಲ್ಲಿ ಸೊಂಟದ ಸುತ್ತ ತಿರುಗಿಸುವ ದೊಡ್ಡ ಬಳೆಗಳು, ಆರು ಹುಲಾ ಹೂಪ್ ಇದ್ದವು. ಸರ್ ಮತ್ತು ನಾನು ಸೇರಿ ಅವನ್ನು ಬೇಲಿಯ ಜಾಲರಿಗೆ ಮುಂದಕ್ಕೆ ಚಾಚುವ ಹಾಗೆ ಹಗ್ಗದಿಂದ ಬಿಗಿದೆವು. ಎರಡು ತಲೆಗಿಂತ ಸ್ವಲ್ಪ ಮೇಲೆ, ಎರಡು ಇನ್ನೂ ಸ್ವಲ್ಪ ಮೇಲೆ, ಎರಡು 2.60 ಮೀಟರಿಗೆ. ಒಂದಂತೂ ಮೊದಲ ಏಟಿಗೇ ಜೋತುಬಿತ್ತು, ಮತ್ತೆ ಕಟ್ಟಿದೆವು. ಕಂಬದ ಎರಡೂ ಸೇರಿ ಒಟ್ಟು ಎಂಟು ರಿಂಗ್, ರಿಂಗಿಗೆ ಮೂರು ಮಕ್ಕಳು. ಎಲ್ಲಿ ಬೇಕಾದರೂ ನಿಲ್ಲಬಹುದು, ಸುಲಭ ಅನ್ನಿಸಿದರೆ ಮೇಲಿನ ರಿಂಗಿಗೆ ಹೋಗಬಹುದು. ವಿವರಿಸಿದ್ದು ಅಷ್ಟೇ, ಅರ್ಧ ನಿಮಿಷ.

ಟೋಪಿ ಹುಡುಗಿ ಮೊದಲು ಎಲ್ಲ ರಿಂಗುಗಳನ್ನೂ ಒಂದು ಸುತ್ತು ನೋಡಿ ಬಂದಳು. ಎಲ್ಲಕ್ಕಿಂತ ಕೆಳಗಿನದಕ್ಕೆ ಹೋಗಲಿಲ್ಲ, ಮರ್ಯಾದೆ ಪ್ರಶ್ನೆ ಇರಬೇಕು. ನಡುವಿನದಕ್ಕೆ ನಿಂತಳು. ಮೊದಲ ಮೂರು ಸಲ ಚೆಂಡು ಬೇಲಿಗೆ ಬಡಿಯಿತು. ಯಾರೂ ನಗಲಿಲ್ಲ. ಯಾರೂ ನೋಡಿರಲೂ ಇಲ್ಲ, ಎಲ್ಲರಿಗೂ ಅವರವರ ಚೆಂಡಿನದೇ ಚಿಂತೆ. ನಾಲ್ಕನೇ ಸಲ ಒಳಗೆ ಬಿತ್ತು. ಅವಳು ಆ ಕಡೆ ಈ ಕಡೆ ನೋಡಿದಳು, ಈ ಸಲ ಯಾರಾದರೂ ನೋಡಿದರಾ ಅಂತ.

ಹತ್ತು ನಿಮಿಷಕ್ಕೆ ಅವಳ ಪುಟದಲ್ಲಿ 26 ಗೀಟು. ಲೇಸ್ ಒಂದು ಸಲವೂ ಬಿಚ್ಚಲಿಲ್ಲ.

ಆಟ ಅಸ್ತವ್ಯಸ್ತವಾಗಿ ಕಾಣುತ್ತಿತ್ತು, ಅದು ನಿಜ. ಮೂಲೆಮೂಲೆಗೂ ಚೆಂಡು ಉರುಳುತ್ತಿತ್ತು. ನೋಡಲು ಬಂದ ಅಪ್ಪ ಒಬ್ಬರು "ಏನು ಮೇಡಂ, ಇವತ್ತು ಕ್ಲಾಸ್ ಇಲ್ವಾ?" ಅಂತ ಕೇಳಿದರು. ನೆಟ್ಟಗೆ ನಿಂತ ಸಾಲು ನೋಡಿದರೆ ದೊಡ್ಡವರಿಗೆ ಏನೋ ಕಲಿಸುತ್ತಿದ್ದಾರೆ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದವಳು ತಾನೇ. ಆದರೆ ವರದಿಗಾಗಿ ಓದುವಾಗ 1978ರ ಒಂದು ಪ್ರಯೋಗ ಸಿಕ್ಕಿತು. ಕರ್ ಮತ್ತು ಬೂತ್ ಅನ್ನುವ ಇಬ್ಬರು ಸಂಶೋಧಕರು, ಎಂಟು ವರ್ಷದ ಮಕ್ಕಳ ಕೈಗೆ ಚಿಕ್ಕ ಕಾಳಿನ ಚೀಲ ಕೊಟ್ಟು ನೆಲದ ಮೇಲಿನ ಗುರಿಗೆ ಎಸೆಸಿದರು. ಒಂದು ಗುಂಪು ಯಾವಾಗಲೂ ಮೂರು ಅಡಿ ದೂರಕ್ಕೇ ಎಸೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಎರಡು ಅಡಿಗೆ, ನಾಲ್ಕು ಅಡಿಗೆ. ಮೂರು ಅಡಿಗೆ ಅಭ್ಯಾಸವನ್ನೇ ಮಾಡಲಿಲ್ಲ. ಕೊನೆಗೆ ಪರೀಕ್ಷೆ ಮೂರು ಅಡಿಗೆ. ಚೆನ್ನಾಗಿ ಎಸೆದಿದ್ದು ಎರಡನೇ ಗುಂಪು! ಒಂದು ಪ್ರಯೋಗದಿಂದ ಎಲ್ಲವನ್ನೂ ಹೇಳಲಾಗದು. ಆದರೂ ಬೇರೆಬೇರೆ ಎತ್ತರದ ರಿಂಗಿಗೆ ಎಸೆದರೆ ಮಕ್ಕಳಿಗೆ ಗೊಂದಲ ಆಗುತ್ತದೆ ಅನ್ನುವ ನನ್ನ ಹೆದರಿಕೆ ಕಮ್ಮಿಯಾಯಿತು.

ಇನ್ನೊಂದು ಓದು ಮಾತ್ರ ನೆಮ್ಮದಿ ಕೊಡಲಿಲ್ಲ. ಜಾನ್ ವುಡನ್ ಅಂತ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಕೋಚ್. 12 ವರ್ಷದಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿಕೊಟ್ಟವರು. ಅವರ ಕೊನೆಯ ಸೀಸನ್, 1974-75ರಲ್ಲಿ, ಇಬ್ಬರು ಮನೋವಿಜ್ಞಾನಿಗಳು 15 ಅಭ್ಯಾಸಗಳಲ್ಲಿ ಬದಿಗೆ ಕೂತು ಅವರು ಆಡಿದ ಮಾತುಗಳನ್ನು ಎಣಿಸಿದರು. ಒಟ್ಟು 2,326. ಅದರಲ್ಲಿ 75% ಬರೀ ಮಾಹಿತಿ: ಕೈ ಹೀಗಿಡು, ಪಾದ ಆ ಕಡೆ ತಿರುಗಿಸು. ಹೊಗಳಿಕೆ 6.9%, ಬೈಗುಳ 6.6%. ಹೊಗಳಿಕೆ ಅಷ್ಟು ಕಮ್ಮಿಯಾ ಅಂತ ನನಗೆ ಆಶ್ಚರ್ಯ. ಅವರ ಮುಂದಿದ್ದವರು ಪಳಗಿದ ಆಟಗಾರರು, ನನ್ನ ಮುಂದಿರೋದು ಮಕ್ಕಳು, ಹೋಲಿಕೆ ಸರಿಯಲ್ಲ ಅಂತಲೂ ವಾದಿಸಿಕೊಂಡೆ. ಆಮೇಲೆ ಸರ್‌ಗೆ ಹೇಳಿ, ಪೋಷಕರ ಒಪ್ಪಿಗೆ ತೆಗೆದುಕೊಂಡು, ಒಂದು ಸೆಷನ್ ನನ್ನದೇ ದನಿಯನ್ನು ರೆಕಾರ್ಡ್ ಮಾಡಿಕೊಂಡೆ.

ಕೇಳುವಾಗ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು. "ಗುಡ್. ಗುಡ್, ಗುಡ್. ವೆರಿ ಗುಡ್. ಸೂಪರ್. ಗುಡ್." ಒಂದು ಗಂಟೆಯಲ್ಲಿ 43 ಗುಡ್. ಬಸ್ಸಿನಲ್ಲಿ ಕಂಡಕ್ಟರ್ "ರೈಟ್ ರೈಟ್" ಅಂದಷ್ಟೇ ಸಲೀಸಾಗಿ. ಯಾರಿಗೆ ಹೇಳಿದ್ದು, ಯಾವುದಕ್ಕೆ ಹೇಳಿದ್ದು ಅಂತ ನನಗೇ ತಿಳಿಯಲಿಲ್ಲ. "ಮಂಡಿ ಬಗ್ಗಿಸಿದೆಯಲ್ಲ, ಅದಕ್ಕೇ ಚೆಂಡು ಮೇಲೆ ಹೋಯ್ತು" ಅನ್ನುವಂಥ ಮಾತು ಇಡೀ ಗಂಟೆಯಲ್ಲಿ ಐದೋ ಆರೋ. ಕೇಳಿ ಮುಗಿಸಿ ಅಳಿಸಿಹಾಕಿದೆ.

ತಪ್ಪುಗಳು ಇಷ್ಟೇ ಅಂದುಕೊಳ್ಳಬೇಡಿ. ಐದನೇ ವಾರ, ಪಂದ್ಯಕ್ಕೆ ತಂಡ ಮಾಡುವಾಗ ಇಬ್ಬರು ನಾಯಕರನ್ನು ನಿಲ್ಲಿಸಿ "ಒಬ್ಬೊಬ್ಬರನ್ನೇ ಆರಿಸ್ಕೊಳ್ಳಿ" ಅಂದುಬಿಟ್ಟೆ. ಚಿಕ್ಕಂದಿನಲ್ಲಿ ನಾವು ಹಾಗೇ ಆಡಿದ್ದು, ಯೋಚನೆಯೇ ಬರಲಿಲ್ಲ. ಕೊನೆಗೆ ಕನ್ನಡಕದ ಹುಡುಗನೊಬ್ಬ ಉಳಿದ. "ಇವನನ್ನ ನೀವೇ ತಗೊಳ್ರೋ" ಅಂದ ಒಬ್ಬ ನಾಯಕ. ಆ ಹುಡುಗ ಅಳಲಿಲ್ಲ. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡ, ಅದರಲ್ಲಿ ಧೂಳೇನೂ ಇರಲಿಲ್ಲ. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಬಂದ, ಜ್ವರ ಇತ್ತಂತೆ. ಆ ಎರಡು ದಿನ ಹಾಜರಿ ಪುಸ್ತಕ ತೆರೆಯೋದಕ್ಕೆ ನನಗೆ ಮನಸ್ಸಿರಲಿಲ್ಲ. ಆಮೇಲಿಂದ ಬಿಬ್‌ಗಳನ್ನು ಮೊದಲೇ ಎಣಿಸಿ, ಬಂದ ಹಾಗೆ ಕೈಗೆ ಕೊಟ್ಟುಬಿಡುತ್ತಿದ್ದೆ. ತಂಡ ತಾನಾಗೇ ಆಗುತ್ತಿತ್ತು.

ಒಂದು ಸಂಜೆ ಎಲ್ಲ ಮಕ್ಕಳೂ ಹೋದ ಮೇಲೆ ಒಬ್ಬಳು ಉಳಿದಳು. ಅವಳ ಮನೆಯವರು ಬರೋದು ತಡವಾಗಿತ್ತು. ನನಗೆ ಬಸ್ ತಪ್ಪುತ್ತಿತ್ತು. ದಾರಿಯಲ್ಲೇ ಇವಳ ಮನೆ, ನಾನೇ ಬಿಟ್ಟುಹೋಗಲಾ ಅಂತ ಕೇಳಿದೆ. ಸರ್ ಖಂಡಿತವಾಗಿ ಬೇಡ ಅಂದರು. ಮಗುವಿನ ಜೊತೆ ದೊಡ್ಡವರು ಒಬ್ಬರೇ ಇರುವ ಹಾಗಿಲ್ಲ, ಎಷ್ಟೇ ಒಳ್ಳೆಯವರಾದರೂ ಸರಿ. ಗೇಟಿನ ಹತ್ತಿರ, ಲೈಟಿನ ಕೆಳಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಮೂವರೂ ನಿಂತೆವು. ನಲವತ್ತು ನಿಮಿಷ. ಬಸ್ ತಪ್ಪಿತು. ಲಾಗ್ ಬುಕ್ಕಿನಲ್ಲಿ ಆ ನಲವತ್ತು ನಿಮಿಷಕ್ಕೆ ಕಾಲಂ ಇರಲಿಲ್ಲ. 'ಇತರೆ' ಅಂತ ಬರೆದೆ.

ಕಾಲಂಗಳ ಮಾತು ಬಂತಲ್ಲ, ನಮ್ಮ ಮೌಲ್ಯಮಾಪನದ ಫಾರ್ಮಿನಲ್ಲಿ 'ನಾಯಕತ್ವ', 'ಸಂವಹನ', 'ಉಪಕ್ರಮಶೀಲತೆ' ಅಂತ ಇದ್ದವು, ಪ್ರತಿಯೊಂದಕ್ಕೂ ಐದರಲ್ಲಿ ಅಂಕ. ಉಪಕ್ರಮಶೀಲತೆ ಅಂದರೇನು ಅಂತ ಸರ್ ನನ್ನನ್ನೇ ಕೇಳಿದರು. ನನಗೂ ಗೊತ್ತಿರಲಿಲ್ಲ. ಇಬ್ಬರೂ ನಕ್ಕು, ನಾಲ್ಕು ಹಾಕಿದರು.

ಕೊನೆಯ ದಿನ ಟೋಪಿ ಹುಡುಗಿ ಬಂದವಳೇ ನನ್ನ ಕೈಯಿಂದ ನೋಟ್‌ಬುಕ್ ಕಿತ್ತುಕೊಂಡಳು.

"ಇವತ್ತು ನಾನು ಎಣಿಸ್ತೀನಿ ಅಕ್ಕಾ. ನೀವು ಆಡಿಸಿ."

ಇದೂ ಲೇಸ್ ಕಟ್ಟುವ ಹೊಸ ಉಪಾಯವೇನೋ ಅಂತ ಒಂದು ಕ್ಷಣ ಅನುಮಾನ ಬಂತು. ಅಲ್ಲ, ಅವಳು ಆಡುತ್ತಲೇ ಇದ್ದಳು. ಆಗಾಗ ಬೆಂಚಿಗೆ ಓಡಿ, ಗೀಟು ಎಳೆದು, ವಾಪಸ್ ಓಡಿ ಬರುತ್ತಿದ್ದಳು. ಏನು ಎಣಿಸುತ್ತಿದ್ದಾಳೆ ಅಂತ ಕೇಳಿದರೆ ಹೇಳಲಿಲ್ಲ. ಕೋನ್‌ಗಳನ್ನು ಒಟ್ಟುಮಾಡುವಾಗ ಪುಸ್ತಕ ತಂದು ಕೊಟ್ಟಳು.

"ನೀವು 14 ಸಲ ಗುಡ್ ಅಂದ್ರಿ. ಅದ್ರಲ್ಲಿ ಒಂದು ನನಗೆ."

"ಓ ಹೌದಾ?" ಅಂದೆ.

"ಯಾವುದಕ್ಕೆ ಅಂದಿದ್ದು ಅಕ್ಕಾ?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವಳು ಕೋನ್ ಕೈಯಲ್ಲಿ ಹಿಡಿದು ಕಾಯುತ್ತಾ ನಿಂತಿದ್ದಳು.